ಮೂರನೇ ಪ್ರೆಸ್ಸಿನ ಮೇಸ್ತ್ರಿ

ಸಂಘದ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮ ಎಚ್.ಆರ್. ಮೇಡಂ ಅವರೇ, ಪಕ್ಕದ ಕೋಣೆಯಲ್ಲಿ ತಟ್ಟೆಗಳ ಸದ್ದು ಶುರುವಾದರೂ ಕುರ್ಚಿ ಬಿಡದೆ ಕುಳಿತಿರುವ ಸಣ್ಣ ಉದ್ಯಮಿ ಮಿತ್ರರೇ, ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ಸಣ್ಣ ಉದ್ದಿಮೆಗಳಿಗೆ ಮಾನವ ಸಂಪನ್ಮೂಲ ತಜ್ಞರು ಏಕೆ ಬೇಕು ಎಂಬುದು. ಕೊಟ್ಟಿರುವ ಸಮಯ ಹತ್ತು ನಿಮಿಷ. ನನ್ನ ಮಗಳು ಎರಡು ಪುಟ ಬರೆದುಕೊಟ್ಟಿದ್ದಾಳೆ. ನೇಮಕಾತಿ ಪತ್ರ ಸರಿಯಾಗಿರುತ್ತದೆ, ರಜೆಯ ಲೆಕ್ಕದಲ್ಲಿ ಜಗಳವಿರುವುದಿಲ್ಲ, ತಪ್ಪು ನಡೆದರೆ ವಿಚಾರಣೆಗೊಂದು ಕ್ರಮವಿರುತ್ತದೆ... ಈ ಸಾಲಿಗೆ ಬಂದು ನಿನ್ನೆ ನಾನು ಓದುವುದನ್ನು ನಿಲ್ಲಿಸಿದೆ. ಹಾಗಾಗಿ ಮಿಕ್ಕ ಪ್ರಯೋಜನಗಳನ್ನು ನೀವು ಮೇಡಂ ಅವರನ್ನೇ ಕೇಳಿ ತಿಳಿಯಬೇಕು.

ನಮ್ಮದು ತಗಡಿನ ಡಬ್ಬಗಳಿಗೆ ಮುಚ್ಚಳ ಮಾಡುವ ಕಾರ್ಖಾನೆ. ಡಬ್ಬ ಬೇರೆಯವರದು, ಮುಚ್ಚಳ ಮಾತ್ರ ನಮ್ಮದು. ಹಾಗಾಗಿ ಮುಚ್ಚಿಹಾಕುವ ಕೆಲಸದಲ್ಲಿ ನಮಗೆ ಎರಡು ತಲೆಮಾರಿನ ಅನುಭವವಿದೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ನೀವೂ ನಕ್ಕಿರಿ. ಸಂತೋಷ.

ಹದಿನೇಳು ಜನ, ತಗಡು ಒತ್ತುವ ನಾಲ್ಕು ಪ್ರೆಸ್ಸು. ಇಷ್ಟು ಜನಕ್ಕೆ ಎಚ್.ಆರ್. ಏಕೆ? ನಾವೆಲ್ಲ ಒಂದೇ ಮನೆಯವರಲ್ಲವೇ? ಈ ಮಾತನ್ನು ಇದೇ ಸಭಾಂಗಣದಲ್ಲಿ, ಇದೇ ಮೈಕಿನ ಮುಂದೆ ಮೂರು ವರ್ಷದ ಹಿಂದೆ ನಾನು ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಮೂರನೇ ಪ್ರೆಸ್ಸಿಗೆ ಒಬ್ಬ ಮೇಸ್ತ್ರಿ ಇದ್ದರು. ನಮ್ಮ ತಂದೆ ಕಾರ್ಖಾನೆ ತೆರೆದ ವಾರವೇ ಕೆಲಸಕ್ಕೆ ಸೇರಿದವರು. ಮೂವತ್ತೊಂದು ವರ್ಷ ಆ ಯಂತ್ರದ ಪಕ್ಕದಲ್ಲೇ ನಿಂತವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ತಂದೆ ತೀರಿಕೊಂಡ ಮೇಲೂ ಅವರಿಗೆ ನಾನು ಚಿಕ್ಕ ಯಜಮಾನನೇ. ನಿಜ ಹೇಳಬೇಕೆಂದರೆ ಆ 'ಚಿಕ್ಕ' ಎಂಬ ಮಾತು ನನಗೆ ಚುಚ್ಚುತ್ತಿತ್ತು. ನಾನು ಏನಾದರೂ ಹೇಳಿದರೆ ಕೆಲವೊಮ್ಮೆ ತಿರುಗಿಯೂ ನೋಡುತ್ತಿರಲಿಲ್ಲ. ಒಮ್ಮೆ ಬಂದು, "ನನ್ನನ್ನ ಪ್ಯಾಕಿಂಗ್ ಕೋಣೆಗೆ ಹಾಕಿಬಿಡಿ ಚಿಕ್ಕ ಯಜಮಾನ್ರೇ, ಈ ಸದ್ದು ಇನ್ನು ಆಗಲ್ಲ" ಎಂದರು. "ಕೂತ್ಕೊಂಡು ಕೆಲಸ ಮಾಡೋ ಆಸೆ ಯಾರಿಗಿಲ್ಲ ಅಣ್ಣ?" ಎಂದು ನಗುತ್ತಾ ಕಳಿಸಿದೆ. ನಾಲ್ಕು ಜನರ ಮುಂದೆ ಹೇಳಿದ ಮಾತು ಅದು. ಅವರು ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ತಗಡು ಜೋಡಿಸುವ ಹೆಂಗಸಿನ ಎಡಗೈ ಪ್ರೆಸ್ಸಿನ ಅಂಚಿಗೆ ಸಿಕ್ಕಿತು. ಆಕೆ ಕಿರುಚಿದಳು. ಸ್ವಿಚ್ಚಿನ ಹತ್ತಿರ ಆಕೆಗೆ ಬೆನ್ನು ಮಾಡಿ ನಿಂತಿದ್ದ ಮೇಸ್ತ್ರಿ ಅಲುಗಾಡಲಿಲ್ಲ. ಪ್ರೆಸ್ಸು ಇನ್ನೊಮ್ಮೆ ಇಳಿಯಿತು. ಎರಡು ಬೆರಳಿನ ತುದಿ ಹೋಯಿತು.

ಆಕೆಯನ್ನು ಆಸ್ಪತ್ರೆಗೆ ಕಳಿಸಿ ನಾನು ಮೇಸ್ತ್ರಿಯ ಕಡೆ ತಿರುಗಿದೆ. "ಕುಡಿದು ಬಂದಿದ್ದೀಯಾ?" ಎಂದೆ. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವನು ಅಂದು ಏಕವಚನಕ್ಕೆ ಇಳಿದೆ. ಅವರು ತಲೆ ತಗ್ಗಿಸಿ ಸುಮ್ಮನೆ ನಿಂತರು. ಆ ಮೌನವನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಗೇಟಿನ ಕಡೆ ಕೈ ತೋರಿಸಿದೆ. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದರು. ಪತ್ರವಿಲ್ಲ, ವಿಚಾರಣೆಯಿಲ್ಲ. ಒಂದು ಕೈಸನ್ನೆ, ಅಷ್ಟೆ. ಆಮೇಲೆ ಕೇಳಿದವರಿಗೆಲ್ಲ "ಕುಡಿತ" ಎಂದೆ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಇಬ್ಬರು ಅವರ ಬಗ್ಗೆ ನನಗೆ ಫೋನ್ ಮಾಡಿದ್ದಿರಿ. ಕೆಲಸ ಕೊಡಬಹುದೇ ಎಂದು ಕೇಳಿದ್ದಿರಿ. ನಾನು ಏನು ಹೇಳಿದೆ ಎಂಬುದು ನಿಮಗೂ ನೆನಪಿರಬೇಕು.

ಎಂಟು ತಿಂಗಳಾದ ಮೇಲೆ ದೊಡ್ಡ ಗಿರಾಕಿಯೊಬ್ಬರು, ನಿಮ್ಮ ಕೆಲಸಗಾರರ ಕಡತಗಳು ಕ್ರಮವಾಗಿದ್ದರೆ ಮಾತ್ರ ಆರ್ಡರ್ ಎಂದರು. ಆ ಒತ್ತಡಕ್ಕೆ ಮೇಡಂ ಅವರನ್ನು ವಾರಕ್ಕೆ ಎರಡು ಅರ್ಧ ದಿನಕ್ಕೆಂದು ಕರೆಸಿದೆ. ಬಂದ ದಿನವೇ ಅಪಘಾತದ ಕಡತ ಕೇಳಿದರು. "ಅಂಥದ್ದೇನೂ ಇಲ್ಲ ಮೇಡಂ, ಎಲ್ಲ ನನ್ನ ತಲೆಯಲ್ಲೇ ಇದೆ" ಎಂದೆ.

"ಹಾಗಾದ್ರೆ ಬೇರೆಯವರ ತಲೆಯಲ್ಲಿ ಏನಿದೆ ಅಂತ ಕೇಳೋಣ" ಎಂದರು.

ಒಬ್ಬೊಬ್ಬರನ್ನೇ ಕರೆದು, ಬಾಗಿಲು ಹಾಕಿ, ಹತ್ತು ಹತ್ತು ನಿಮಿಷ ಮಾತಾಡಿದರು. ಕೊನೆಗೆ ಬೆರಳು ಕಳೆದುಕೊಂಡ ಆ ಹೆಂಗಸು ತಾನೇ ಒಪ್ಪಿ ನನ್ನೆದುರಿಗೆ ಬಂದು ನಿಂತಳು.

"ಅವರಿಗೆ ಕಿವಿ ಕೇಳಿಸ್ತಿರಲಿಲ್ಲ ಸಾರ್. ನಮಗೆಲ್ಲ ಗೊತ್ತಿತ್ತು. ಭುಜ ಮುಟ್ಟಿ ಮಾತಾಡಿಸ್ತಿದ್ವಿ. ಅವತ್ತು ನನ್ನ ಕೈ ಸಿಕ್ಕಿಹಾಕ್ಕೊಂಡಿತ್ತು, ಮುಟ್ಟೋಕೆ ಎಟುಕಲಿಲ್ಲ."

"ನನಗೆ ಯಾಕಮ್ಮ ಯಾರೂ ಹೇಳಲಿಲ್ಲ?"

"ಹೇಳಿದ್ರೆ ಅವರನ್ನ ತೆಗೆದುಬಿಡ್ತಿದ್ರಿ."

ಸಭಿಕರೇ, ಹದಿನೇಳು ಜನರಲ್ಲಿ ಹದಿನಾರು ಜನಕ್ಕೆ ಗೊತ್ತಿದ್ದ ವಿಷಯ ಮನೆಯ ಯಜಮಾನನಿಗೆ ಗೊತ್ತಿರಲಿಲ್ಲ. ಇದೆಂಥ ಮನೆ? ಆ ಯಂತ್ರದ ಪಕ್ಕ ನಿಲ್ಲುವವರಿಗೆ ಕಿವಿಗೆ ಹಾಕಿಕೊಳ್ಳಲು ಏನಾದರೂ ಕೊಟ್ಟಿದ್ದೀರಾ ಎಂದು ಮೇಡಂ ಕೇಳಿದರು. ನಾನು ಹತ್ತಿ ಎಂದೆ. ಅದೂ ಸುಳ್ಳು. ಹತ್ತಿಯನ್ನು ಅವರವರೇ ಮನೆಯಿಂದ ತರುತ್ತಿದ್ದರು.

ಮೇಡಂ ಒಂದು ಪತ್ರ ಸಿದ್ಧಮಾಡಿದರು. ಕೆಲಸದಿಂದ ತೆಗೆದದ್ದು ತಪ್ಪು, ಕಿವಿಯ ಚಿಕಿತ್ಸೆ ಕಾರ್ಖಾನೆಯದು, ಪ್ಯಾಕಿಂಗ್ ಕೋಣೆಯಲ್ಲಿ ಕೆಲಸವಿದೆ ಎಂದು ಅದರಲ್ಲಿತ್ತು. "ಮೊದಲು ಇದು ಹೋಗಲಿ. ಅವರು ಬನ್ನಿ ಅಂದ್ರೆ ಆಮೇಲೆ ಒಟ್ಟಿಗೆ ಹೋಗೋಣ" ಎಂದರು. ನನಗೆ ತಾಳ್ಮೆಯಿರಲಿಲ್ಲ. ನಮ್ಮವರ ಹತ್ತಿರ ಹೋಗುವುದಕ್ಕೆ ಪತ್ರವೇಕೆ ಎಂದು ಮರುದಿನ ಮಧ್ಯಾಹ್ನ ಒಬ್ಬನೇ ಹೋದೆ.

ಎರಡನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಅವರ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಮೇಸ್ತ್ರಿ ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. "ತಪ್ಪಾಯಿತು ಅಣ್ಣ" ಎಂದೆ. ಎರಡು ಸಲ ಎಂದೆ. ಅವರು ತಲೆಯಾಡಿಸಿ ನಕ್ಕು, "ಪ್ರೆಸ್ಸು ಸರಿಯಾಗಿ ಓಡ್ತಿದೆಯಾ?" ಎಂದರು.

ನಾನು ಅವರ ಹೆಂಡತಿಯ ಕಡೆ ನೋಡಿದೆ. "ಅಕ್ಕ, ನೀವಾದ್ರೂ ಅವರಿಗೆ ಹೇಳಿ. ಕುಡಿದಿದ್ರು ಅಂತ ನಾನು ಸುಳ್ಳು ಹಬ್ಬಿಸಿದ್ದು ತಪ್ಪು ಅಂತ ಹೇಳಿ."

ಅವರ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. "ಬೇಡ. ಅದನ್ನ ಮಾತ್ರ ಎತ್ತಬೇಡಿ. ಎದ್ದು ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು.

ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಜೇಬಿನಿಂದ ಪೆನ್ನು ತೆಗೆದು, ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂದೆ ದೊಡ್ಡ ಅಕ್ಷರದಲ್ಲಿ ಎಲ್ಲವನ್ನೂ ಬರೆದೆ. ನೀವು ಕುಡಿದಿದ್ದಿರಿ ಎಂದು ಊರಿಗೆಲ್ಲ ಹೇಳಿದೆ, ನಿಮಗೆ ಕಿವಿ ಕೇಳುವುದಿಲ್ಲ ಎಂದು ನನಗೆ ತಿಳಿದಿರಲಿಲ್ಲ, ಕ್ಷಮಿಸಿ ಎಂದು.

ಮೇಸ್ತ್ರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಇನ್ನೊಮ್ಮೆ ಓದಿದರು.

"ಕುಡಿದಿದ್ದೆ ಅಂದ್ರಾ?" ಎಂದರು. "ಅದಕ್ಕಾ ನನಗೆ ಎಲ್ಲೂ ಕೆಲಸ ಸಿಗದಿದ್ದು?"

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಎಂಟು ತಿಂಗಳು ಆ ಮಾತು ಅವರ ಕಣ್ಣಿಗೆ ಬೀಳದಂತೆ ಆಕೆ ಕಾದುಕೊಂಡಿದ್ದರು.

"ನಿಮಗೆ ನನ್ನ ಕಿವಿ ವಿಷಯ ಗೊತ್ತಿದೆ ಅಂದ್ಕೊಂಡಿದ್ದೆ ಚಿಕ್ಕ ಯಜಮಾನ್ರೇ. ಗೊತ್ತಿದ್ದೂ ಇಷ್ಟು ದಿನ ಇಟ್ಕೊಂಡ್ರು, ಆಯಮ್ಮನ ಬೆರಳು ಹೋದ ಮೇಲೆ ಇನ್ನೇನು ಮಾಡ್ತಾರೆ ಪಾಪ, ಕಳಿಸಿದ್ದು ನ್ಯಾಯವೇ ಅಂತ ಇವಳ ಹತ್ರ ಹೇಳ್ತಿದ್ದೆ."

ಆಮೇಲೆ ಅವರು ಹಾಳೆಯನ್ನು ಮಡಿಸಿ ನನಗೇ ವಾಪಸ್ಸು ಕೊಟ್ಟು, ಬಾಗಿಲು ತೆರೆದು ಹಿಡಿದುಕೊಂಡರು.

ಮೇಡಂ ಅವರ ಪತ್ರ ಎರಡು ಸಲ ಹೋಯಿತು. ಮೇಸ್ತ್ರಿ ಬರಲಿಲ್ಲ. ಮೂರನೆಯ ಸಲ, ಮನೆ ಖಾಲಿಯಾಗಿದೆ ಎಂಬ ಷರಾ ಹೊತ್ತು ಹಿಂದಿರುಗಿತು. ಈಗ ನಮ್ಮಲ್ಲಿ ಎಲ್ಲರಿಗೂ ಕಿವಿಯ ಕವಚವಿದೆ, ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆಯಿದೆ, ಯಾರನ್ನೂ ಬಾಯಿಮಾತಿನಲ್ಲಿ ತೆಗೆಯುವಂತಿಲ್ಲ. ಇವೆಲ್ಲ ಮಗಳ ಪಟ್ಟಿಯಲ್ಲೂ ಇವೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನನ್ನು ಕರೆದ ಸಂಘಕ್ಕೆ, ಕೊನೆಯವರೆಗೂ ಕೇಳಿಸಿಕೊಂಡ ನಿಮಗೆ ವಂದನೆಗಳು. ಒಂದೇ ಒಂದು ಕೋರಿಕೆ: ಫೋನ್ ಮಾಡಿದ್ದ ಆ ಇಬ್ಬರು ಮಿತ್ರರು ಹೊರಡುವ ಮುನ್ನ ನನ್ನ ಬಳಿ ಬನ್ನಿ. ಅಂದು ನಾನು ಹೇಳಿದ್ದು ಸುಳ್ಳು ಎಂದು ನಿಮಗೆ ಎದುರಿನಲ್ಲೇ ಹೇಳಬೇಕಾಗಿದೆ.

ನಮಸ್ಕಾರ.