ಅಪ್ಪನಿಗೆ ಎರಡು ಕಲ್ಲು

ಟೆಕ್ಸಾಸಿನ ಇರ್ವಿಂಗ್‌ನ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕಾದು ನಿಂತಿದ್ದ ಸುಚೇತಾಳಿಗೆ ಮುಂದಿದ್ದ ಅಜ್ಜಿಯ ಮಾತು ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಅಜ್ಜಿ ಮೊಮ್ಮಗಳ ವಿಷಯಕ್ಕೆ ಮಗನನ್ನು ತರಾಟೆಗೆ ತೆಗೆದುಕೊಂಡಿದ್ದರು.

“ಹಂಸಾನ ಹುಡುಗೀರ ವಿಭಾಗಕ್ಕೆ ಯಾಕೋ ಸೇರಿಸಿದೆ, ರಘು?”

“ಹ್ಯೂಸ್ಟನ್ ಟೂರ್ನಮೆಂಟಲ್ಲಿ ಅದೇ ಸೇಫ್ ಅಮ್ಮ. ಪ್ರೈಜ್ ಗ್ಯಾರಂಟಿ.”

“ಅವಳಿಗೆ ಆ ಕಪ್ಪು-ಬಿಳಿ ಕಲ್ಲಿನ ಗೋ ಆಟ ಕಲಿಸೋ ಕೊರಿಯಾದ ಟೀಚರು ಸೇಫ್ ನೋಡ್ಕೊಂಡು ಕೂತಿದ್ರಾ? ಹದಿನಾಲ್ಕಕ್ಕೇ ಪ್ರೊಫೆಷನಲ್ ಆದೋರು. ಏಳು ತಿಂಗಳ ಬಸುರೀಲಿ ಗಂಡಸರನ್ನ ಸೋಲಿಸಿದಾರೆ.”

“ನಿಂಗ್ಯಾರು ಹೇಳಿದ್ದು?”

“ಅವರೇ. ಕ್ಲಾಸಿಗೆ ಡ್ರೈವ್ ಮಾಡ್ಕೊಂಡು ಕರ್ಕೊಂಡ್ಹೋಗೋಳು ನಾನು ತಾನೆ? ‘ಮದ್ವೆ ಆಯ್ತಲ್ಲ, ಇನ್ನು ಹೆಂಗಸರ ಪಂದ್ಯ ಸಾಕು’ ಅಂದ್ನಂತೆ ಒಬ್ಬ ಆಟಗಾರ. ಮಾರನೇ ವರ್ಷ ಅವನನ್ನೇ ಸೋಲಿಸಿದ್ರಂತೆ.”

“ಓಪನ್ ವಿಭಾಗದಲ್ಲಿ ಗಂಡಸರು, ದೊಡ್ಡೋರು ಎಲ್ಲಾ ಆಡ್ತಾರಮ್ಮ.”

“ಯಾರು ದೊಡ್ಡೋರು? ನೀನೂ ಅದ್ರಲ್ಲೇ ತಾನೆ ಆಡೋದು?”

ಮಗ ಗೋಡೆಯ ಮೇಲಿನ ಮೆನು ಓದತೊಡಗಿದ.

“ಆಟ ಕಮ್ಮಿ ಬರೋರು ಮುಂಚೇನೇ ಬೋರ್ಡ್ ಮೇಲೆ ಒಂದಷ್ಟು ಕಲ್ಲು ಇಟ್ಕೋತಾರಲ್ಲ, ಮನೇಲಿ ನೀವಿಬ್ರೂ ಆಡೋವಾಗ ಯಾರು ಇಟ್ಕೊಳ್ಳೋದು?”

“ನಾನು. ಎರಡೇ ಕಲ್ಲು.”

ಸುಚೇತಾ ನಗು ನುಂಗಿಕೊಂಡು ತನ್ನ ಫೋನಿನೊಳಗೆ ಮುಖ ಹುದುಗಿಸಿದಳು.

“ಹಾಗಾದ್ರೆ ಸೇಫ್ ಆಗಿ ಇಟ್ಟಿರೋದು ಅವಳನ್ನಲ್ಲ, ನಿನ್ನನ್ನ. ಹನ್ನೆರಡು ವರ್ಷದ ಮಗಳಿಗೆ ಹೆದರಿದೀಯ.”

ಒಳಗಿನಿಂದ ನಲವತ್ತೆರಡನೇ ನಂಬರು ಕೂಗಿದರು.

“ನಮ್ದೇ. ನೀನು ದೋಸೆ ತಗೋ, ಫೋನ್ ನನಗೆ ಕೊಡು. ವಿಭಾಗ ನಾನೇ ಬದಲಾಯಿಸ್ತೀನಿ.”

ಮಗ ಫೋನು ಕೊಟ್ಟ. ಕೌಂಟರಿನತ್ತ ಎರಡು ಹೆಜ್ಜೆ ಹಾಕಿದವನು ತಿರುಗಿ ನಿಂತ.

“ಟೂರ್ನಮೆಂಟಲ್ಲಿ ಆ ಎರಡು ಕಲ್ಲೂ ಸಿಗಲ್ಲಮ್ಮ.”

“ಗೊತ್ತು,” ಎಂದು ಅಜ್ಜಿ ಕನ್ನಡಕ ಏರಿಸಿಕೊಂಡು ಫೋನು ಒತ್ತುತ್ತಾ ಅವನ ಹಿಂದೆ ನಡೆದರು.