ಮೂರು ಹಲ್ಲು ಸರದ ಚೈನ್

ಅಂವ ಮಿಸ್ತ್ರಿನ? ಥೂ! ಅಂವನ ಹೆಸರ ಹೇಳಿ ನನ್ನ ಬಾಯಿ ಹೊಲಸ ಮಾಡ್ಕೊಳ್ಳೂದಿಲ್ಲ, ಬಿಜಾಪುರದ ಗಾಂಧಿ ಚೌಕದ ಕಡಿಂದ ಬಂದಿದ್ದ ಅಂತ ತಿಳ್ಕೊಳ್ರಿ, ಸಾಕು. ಬಿಳಿ ಅಂಗಿ, ಕಿಸೇದಾಗ ಬಾಚಣಿಗಿ. ಎಂಜಿನ್ ಕೆಲಸಕ್ಕ ಬಿಳಿ ಅಂಗಿ ಹಾಕ್ಕೊಂಡು ಬರಾವ ಎಂಥಾ ಮಿಸ್ತ್ರಿ, ನೀವ ಹೇಳ್ರಿ. ನಾವರೆ ಬೇಕಂತ ಕರಸಿದ್ವೇನು? ನಿಮ್ಮ ಮುತ್ಯಾ, ನನ್ನ ಯಜಮಾನ್ರು, ತಿಕೋಟಾದಾಗ ರಸ್ತಾದ ಬಾಜೂಕ ತಗಡಿನ ಗ್ಯಾರೇಜ್ ಇಟ್ಟಿದ್ರು, ನಿಮ್ಮಪ್ಪ ಆಗಿನ್ನೂ ನಡೀತಿದ್ದಿಲ್ಲ, ಅಂಬೆಗಾಲ ಇಡತಿದ್ದ. ಒಂದಿನ ಜಾಕ್ ಸರದು ಮುತ್ಯಾನ ಬಲಗೈ ಗಾಲಿ ಬುಡಕ ಸಿಕ್ಕತು. ಎಲುಬು ಮುರದು ಮೊಣಕೈತನಾ ಪಟ್ಟಿ ಬಿತ್ತು. ಗ್ಯಾರೇಜಿನ್ಯಾಗ ಬಬಲೇಶ್ವರದ ದಾಕ್ತರ ಕಾರು ಎಂಜಿನ್ ಬಿಚ್ಚಿಕೊಂಡು ನಿಂತಿತ್ತು. ಆ ದಾಕ್ತರು ಹಳ್ಳಿಹಳ್ಳಿ ತಿರಗಾವ್ರು, ಹೆರಿಗಿ ಕಷ್ಟ ಆತಂದ್ರ ಅದ ಕಾರಿನ್ಯಾಗ ಬಿಜಾಪುರಕ್ಕ ಒಯ್ಯಾವ್ರು. ನೀವು ವಿಜಯಪುರ ಅಂತೀರಿ, ನಮ್ಮ ಬಾಯಾಗ ಬಿಜಾಪುರನ ಬರತೈತಿ. ಕಾರು ಲಗೂ ಬೇಕಿತ್ತು, ಅದಕ್ಕ ಮುತ್ಯಾ ಆ ಬಾಚಣಿಗಿ ಮಿಸ್ತ್ರಿಗೆ ಹೇಳಿ ಕಳಿಸಿದ್ರು, ಟೈಮಿಂಗ್ ಚೈನ್ ಅಷ್ಟ ಕೂಡಿಸಿ ಕೊಟ್ಟು ಹೋಗು ಮಾರಾಯಾ ಅಂತ.

ಟೈಮಿಂಗ್ ಚೈನ್ ಅಂದ್ರ ಏನ್ ದೊಡ್ಡ ವಿದ್ಯಾ ಅಲ್ಲ. ಕೆಳಗ ಒಂದು ಸಣ್ಣ ಹಲ್ಲಿನ ಗಾಲಿ, ಮ್ಯಾಲ ಒಂದು ದೊಡ್ಡದು, ಎರಡಕ್ಕೂ ಸೇರಿ ಸೈಕಲ್ ಚೈನ್ ಇದ್ದಂಗ ಒಂದು ಚೈನ್. ಕೆಳಗಿಂದು ಪಿಸ್ಟನ್ ಏರೂದು ಇಳಿಯೂದರ ಜೋಡಿ ತಿರಗತೈತಿ, ಮ್ಯಾಲಿಂದು ವಾಲ್ವ್ ತೆರಿಸತೈತಿ, ಮುಚ್ಚಸತೈತಿ. ಪಿಸ್ಟನ್ ಮ್ಯಾಲ ಬರೂ ಹೊತ್ತಿನ್ಯಾಗ ವಾಲ್ವ್ ತೆರಕೊಂಡು ನಿಂತಿತ್ತಂದ್ರ ಎರಡೂ ಬಡದಾಡಿ ವಾಲ್ವ್ ಬಗ್ಗಿ ಹೋಗತಾವು. ಹಂಗ ಆಗಬಾರದಂತ ಎರಡೂ ಗಾಲಿಗೆ ಗುರುತು ಹೊಡದಿರತಾರ, ಆ ಗುರುತು ನೋಡಿ ಕೂಡಿಸಿದ್ರ ಆತು. ಕಣ್ಣಿದ್ದಾವ ಮಾಡೂ ಕೆಲಸ. ಆದ್ರ ಅಂವಗ ಕಣ್ಣೆಲ್ಲಿದ್ದು? ಮೂಗ ಮ್ಯಾಲ ಮಾಡಿ, "ಗುರುತು ನೋಡಾವ್ರು ಕಲಿಯಾಕ ಬಂದಾವ್ರು, ನಂದು ಅಂದಾಜ ಗುರುತು" ಅನ್ಕೋಂತ ಚೈನ್ ಹಾಕಿಬಿಟ್ಟ. ಮುತ್ಯಾ ಕೈನೋವಿಗೆ ಒಳಗ ಮಲಗಿದ್ರು, ನಾ ಅಲ್ಲೇ ಘಾಸಲೇಟ್ ಎಣ್ಣ್ಯಾಗ ನಟ್ಟು ತೊಳಿಯಾಕತ್ತಿದ್ನಿ. ಆರು ವರ್ಷ ಮುತ್ಯಾನ ಬಾಜೂಕ ಕುಂತು ಸಾಮಾನ ತೊಳದಾಕಿ ನಾ, ನನಗ ಕಾಣೂದಿಲ್ಲೇನು? ಅಂದ್ನಿ, "ಅಣ್ಣಾರ, ಮ್ಯಾಲಿನ ಗುರುತು ಮೂರು ಹಲ್ಲು ಆಚೀಗೆ ಸರದೈತಲ್ರಿ?"

"ಏ ತಂಗೀ, ನೀ ರೊಟ್ಟಿ ಗುಂಡಗ ಬಡಿ. ಎಂಜಿನ್ ನಾ ನೋಡ್ತೀನಿ."

ಚಾ ಕುಡ್ಕೋಂತ ಕುಂತಿದ್ದ ಮೂರು ಮಂದಿ ಖೊಕ್ಕ್ ಅಂತ ನಕ್ಕರು. ಅವರಿಗೇನು, ಉದ್ಯೋಗಿಲ್ಲದವರು, ಕಾಗಿ ಹಾರಿದ್ರೂ ನಗಾವ್ರು. ನಾ ತಲಿ ಬಗ್ಗಿಸಿ ಮತ್ತ ನಟ್ಟು ತೊಳಿಯಾಕ ಕುಂತ್ನಿ. ಅಂವ ಕೈಲೆ ಒಂದು ಸುತ್ತೂ ತಿರುವಿ ನೋಡಲಿಲ್ಲ, ಸೀದಾ ಚಾವಿ ಹಾಕಿದ. ಟಣ್ ಟಣ್ ಟಣ್! ಹಂಡೇದಾಗ ಕಲ್ಲು ಒಗದಂಗ ಆತು, ಎಂಜಿನ್ ಬಂದಾತು. ಅವಾಗೇನಂದ ಗೊತ್ತೇನು? "ಇದು ಮೊದಲ ಸತ್ತಿತ್ತು, ಈ ಗ್ಯಾರೇಜಿನಾವ ಕೆಡಿಸಿಟ್ಟಾನ." ಅಂದು, ತಲಿ ಬಾಚ್ಕೊಂಡು, ಬಸ್ ಹತ್ತಿ ಹೋದ! ನಾಚಿಗಿಲ್ಲದ ಜಲ್ಮ.

ಸಂಜೀಕ ದಾಕ್ತರು ಬಂದ್ರು. ಸಿಟ್ಟ ಮಾಡಲಿಲ್ಲ, ಮಾಡಿದ್ರ ಚೊಲೋ ಇತ್ತು. "ಇರ್ಲಿ ಬಿಡ್ರಿ, ನಾಳೆ ಟ್ರಕ್ಕಿಗೆ ಕಟ್ಟಿ ಬಿಜಾಪುರಕ್ಕ ಒಯ್ತೀನಿ" ಅಂದ್ರು ಅಷ್ಟ. ಕಾರು ಹಂಗ ಎಳಸ್ಕೊಂಡು ಊರಾಗ ಹಾದು ಹೋತಂದ್ರ ನಮ್ಮ ಗ್ಯಾರೇಜಿಗೆ ಮತ್ತ ಯಾರ ಬರತಾರ? ನಾ ಮುತ್ಯಾಗ ಮೆಲ್ಲಕ ಹೇಳಿದ್ನಿ, ಗುರುತು ಸರದದ್ದು ನನಗ ಕಂಡಿತ್ರಿ ಅಂತ. "ಕಂಡಿತ್ತಂದ್ರ ಯಾಕ ಬಿಟ್ಟಿ?" ಅಂದ್ರು. "ಅವರೆಲ್ಲಾ ನಕ್ಕರ್ರಿ." ನನ್ನ ಮಾರಿನ ನೋಡಿದ್ರು. "ನಕ್ಕರ ವಾಲ್ವ್ ಬಗ್ಗತಾವೇನ, ಶಾಂತಾ?"

ಆ ಮಾತು ಕಪಾಳಕ್ಕ ಬಡದಂಗಾತು. ಎದ್ದು ಹೊರಗ ಬಂದು, "ದಾಕ್ತರ, ಎರಡು ದಿನ ಕೊಡ್ರಿ" ಅಂದ್ನಿ. "ಯಾರ ಮಾಡಾವ್ರು ಯವ್ವಾ? ಇವರ ಕೈ ಹಿಂಗೈತಿ." "ನಾ ಮಾಡ್ತೀನ್ರಿ." "ಎರಡ ದಿನ" ಅಂದು ಹೋದ್ರು.

ಮರುದಿನ ಎಂಜಿನ್ ತಲಿ ಬಿಚ್ಚಿದ್ವಿ, ಎರಡು ವಾಲ್ವ್ ಬಗ್ಗಿದ್ದು. ಮುತ್ಯಾ ಪಟ್ಟಿ ಕಟ್ಟಿದ ಕೈ ಎದಿಗಿ ಹಚ್ಕೊಂಡು ಬಸ್ಸಿನ್ಯಾಗ ಬಿಜಾಪುರಕ್ಕ ಹೋಗಿ ಹೊಸಾವು ತಂದ್ರು. ಅವ್ರು ಸ್ಟೂಲಿನ ಮ್ಯಾಲ ಕುಂತು ಹೇಳೂದು, ನಾ ಮಾಡೂದು. ಹೊಸಾ ವಾಲ್ವ್ ಕೂಡಿಸಿ ಎಂಜಿನ್ ತಲಿ ಮತ್ತ ಹಾಕಿದ್ನಿ. ಕೆಳಗಿನ ಗುರುತು ತಂದು ನಿಲ್ಲಿಸಿದ್ನಿ, ಮ್ಯಾಲಿಂದೂ ನಿಲ್ಲಿಸಿದ್ನಿ, ಚೈನ್ ಹಾಕಿದ್ನಿ. ಬೋಲ್ಟ್ ಬಿಗಿಯೂ ಹೊತ್ತಿಗೆ ಗಾಲಿ ಒಂದು ಹಲ್ಲು ತಿರಗಿಬಿಡತಿತ್ತು, ದರಿದ್ರದ್ದು! ಬಿಚ್ಚಿ ಮತ್ತ ಹಾಕಿದ್ನಿ. ಮತ್ತ ಸರೀತು. ಮೂರನೇ ಸಲಕ್ಕ ಕುಂತಿತು. ಚೈನ್ ಸಡಲ ಆಗಲಾರದಂಗ ಒತ್ತಿ ಹಿಡಿಯೂ ಟೆನ್ಷನರ್ ಕೂಡಿಸಿ, ಬೋಲ್ಟ್ ತಿರುವೂ ಪಾನಾ ಹಾಕಿ, ಎರಡು ಸುತ್ತು ಕೈಲೆ ತಿರುವಿದ್ನಿ. ಎಲ್ಲೂ ಬಡೀಲಿಲ್ಲ. ಗುರುತು ಮತ್ತ ತಮ್ಮ ಜಾಗಾಕ್ಕ ಬಂದು ನಿಂತು.

ಎರಡನೇ ದಿನ ದಾಕ್ತರು ಬಂದ್ರು. ಚಾ ಕುಡಿಯೂ ಮಂದೀನೂ ಬಂದು ನಿಂತಿದ್ರು, ಮೋಜು ನೋಡಾಕ. ಚಾವಿ ತಿರುವಿದ್ನಿ, ಕೆಮ್ಮಿ ನಿಂತಬಿಟ್ಟಿತು. ಹಿಂದ ಒಬ್ಬಾಂವ ಕಿಸಕ್ಕಂದ. ನಗಲಿ ಬಿಡು, ಇಳದು ನೋಡಿದ್ನಿ, ಪೆಟ್ರೋಲಿನ ಪೈಪು ಹಾಕೂದ ಮರತಿದ್ನಿ. ಪೈಪು ಹಾಕಿ ಮತ್ತ ತಿರುವಿದ್ನಿ, ಹೊಲಿಗಿ ಮಷೀನ್ ನಡದಂಗ ಸಣ್ಣಗ ನಡೀತು. ದಾಕ್ತರು ಒಂದ ಮಾತಂದ್ರು, "ಇನ್ಮ್ಯಾಲ ನನ್ನ ಕಾರು ಇಲ್ಲೇ ಬರತೈತಿ." ಬಬಲೇಶ್ವರದ ದಾರಿ ಹಿಡದು ಹೋದ್ರು.

ಮುತ್ಯಾನ ಕೈ ಮತ್ತ ಮೊದಲಿನಂಗ ಪಾನಾ ಹಿಡೀಲಿಲ್ಲ. ನಿಮ್ಮಪ್ಪನ ಲಗ್ನದ ತನಾ ಎಂಜಿನ್ ಎಲ್ಲಾ ನಾನ ಬಿಚ್ಚಿದ್ನಿ, ನಾನ ಕೂಡಿಸಿದ್ನಿ. ಆ ಬಾಚಣಿಗ್ಯಾಂವ ಮಾತ್ರ ಆ ದಾಕ್ತರ ಎಂಜಿನ್ ತಾನ ಕೂಡಿಸಿದ್ದು ಅಂತ ಚೌಕದಾಗ ಹೇಳ್ಕೋಂತ ತಿರಗಿದನಂತ! ತಿರಗಲಿ. ಅಂವನ ಮ್ಯಾಲ ನನಗೇನೂ ಸಿಟ್ಟಿಲ್ಲ, ಹೇಸಿಗಿ ಅಷ್ಟ. ಸಿಟ್ಟು ಬರೂದು ನನ್ನ ಮ್ಯಾಲ. ಕಣ್ಣಿಗೆ ಕಂಡದ್ದು ಒಂದ ಸಲ ಹೇಳಿ ಬಾಯಿ ಮುಚ್ಕೊಂಡು ಕುಂತ್ನೆಲ್ಲ, ಆ ಎರಡು ವಾಲ್ವಿನ್ಯಾಗ ಒಂದು ಅಂವ ಬಗ್ಗಿಸಿದ್ದು, ಇನ್ನೊಂದು ನಾ ಬಗ್ಗಿಸಿದ್ದು. ಒಲಿ ಮ್ಯಾಲ ಹಾಲು ಉಕ್ಕಾಕತ್ತಿದ್ರ ಯಾರ ನಗತಾರ ಅಂತ ತಿರಗಿ ನೋಡಬಾರದು, ಎದ್ದು ಹೋಗಿ ಇಳಸಬೇಕು. ಏಳ್ರಿ, ಸಾಕು.