ಬಾವಿಯ ಹತ್ತಿರ ಕಾದ ಇಂಜಿನ್

ಆ ಲೈಟ್ ಆರಿಸ್ಬೇಡಿ, ಇರ್ಲಿ. ನಗೋರು ಈಗ್ಲೇ ನಕ್ಕುಬಿಡಿ. ಇದು ಎಲ್ಲೋ ಕೇಳಿದ ಕತೆ ಅಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಮೆಕ್ಯಾನಿಕ್ ಅವನು. ಎಷ್ಟು ಉಜ್ಜಿ ತೊಳೆದ್ರೂ ಕೈ ಕಪ್ಪೇ, ಅದಕ್ಕೆ ನಾವೆಲ್ಲ ಗ್ರೀಸಣ್ಣ ಅಂತೀವಿ.

ಅವತ್ತು ಗ್ಯಾರೇಜ್ ಬಾಗಿಲು ಹಾಕಿ ನಡ್ಕೊಂಡು ಮನೆಗೆ ಹೊರಟಿದ್ದ. ತುಂಬಾ ಹೊತ್ತಾಗಿತ್ತು. ದಾರೀಲಿ ಒಂದು ಹಳೇ ಬಾವಿ. ರಾಟೆ ಸದ್ದು ಕೇಳಿಸ್ತು... ಕಿರ್... ಕಿರ್... ಯಾರೋ ನೀರು ಸೇದೋ ಹಾಗೆ. ತಿರುಗಿ ನೋಡಿದ. ಯಾರೂ ಇಲ್ಲ. ಹಗ್ಗ ಮಾತ್ರ ಅಲ್ಲಾಡ್ತಿತ್ತು. ಗಾಳಿ ಇರ್ಬೇಕು ಅಂದ್ಕೊಂಡ. ಗಾಳಿ ಇರ್ಲಿಲ್ಲ.

ಮನೇಲಿ ದೊಡ್ಡಮ್ಮ ಎದ್ದು ಕೂತು ಉಸಿರಿಗೆ ಒದ್ದಾಡ್ತಿದ್ರು. ಹೃದಯದ ಕಾಯಿಲೆ. ಮೈಯಲ್ಲಿ ನೀರು ತುಂಬ್ಕೊಳ್ಳುತ್ತೆ, ಹೆಚ್ಚು ನೀರು ಕುಡಿದ್ರೆ ಪ್ರಾಣಕ್ಕೇ ಅಪಾಯ ಅಂತ ಡಾಕ್ಟರು ಹೇಳಿದ್ರು. ಗ್ರೀಸಣ್ಣ ನೀರನ್ನ ಔಷಧಿ ಥರ ಅಳೆದು ಕೊಡ್ತಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿದ್ರೆ, ಬೇರೆ ಕಡೆ ಹೋಗಿದೆ, ಕಾಯಿರಿ ಅಂದ್ರು. ಎಷ್ಟು ಹೊತ್ತು ಅಂತ ಕಾಯೋದು? ಅಮ್ಮನ್ನ ಹಿಂದಿನ ಸೀಟಲ್ಲಿ ದಿಂಬಿಗೆ ಒರಗಿಸಿ, ತನ್ನ ಕಾರಲ್ಲೇ ಹೊರಟ.

"ಒಂದು ಗುಟುಕು ನೀರು ಕೊಡೋ..."

"ಬೇಡಮ್ಮ. ಆಸ್ಪತ್ರೆ ಬಂದೇಬಿಡ್ತು, ಸುಮ್ನಿರು."

"ಗಂಟಲು ಒಣಗ್ತಿದೆ ಕಣೋ..."

ಮನಸ್ಸು ಕಲ್ಲು ಮಾಡ್ಕೊಂಡು ಓಡಿಸಿದ.

ಬಾವಿ ಹತ್ತಿರ ಬಂದಿದ್ದೇ ತಡ, ಟೆಂಪರೇಚರ್ ಸೂಜಿ ಸರ್ರಂತ ಕೆಂಪಿಗೆ ಏರ್ತು. ಬಾನೆಟ್ಟಿನ ಸಂದಿಯಿಂದ ಹಬೆ... ಬುಸ್ಸ್... ನಿಲ್ಲಿಸದೆ ಗತಿ ಇಲ್ಲ. ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ಮೆಲ್ಲಗೆ ಸಡಿಲಿಸಿದ, ಹಬೆ ಹೋಗೋವರೆಗೂ ಕಾದ. ಒಳಗೆ ಹನಿ ನೀರಿಲ್ಲ. ಬೆಳಿಗ್ಗೆ ತಾನೇ ತುಂಬಿಸಿದ್ದ!

ಬಾವಿಯಿಂದ ಒಂದು ಬಕೆಟ್ ಸೇದಿ ತಂದ. ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿ, ಓಡ್ತಿರೋವಾಗ್ಲೇ ನಿಧಾನಕ್ಕೆ ಹುಯ್ದ. ತುಂಬಲಿಲ್ಲ. ಇನ್ನೊಂದು ಬಕೆಟ್. ಅದೂ ಹೋಯ್ತು. ಟಾರ್ಚ್ ಹಿಡಿದು ಕೆಳಗೆ ನೋಡಿದ. ನೆಲ ಒಣಗಿದೆ. ಪೈಪು ಸರಿ ಇದೆ, ಬೆಲ್ಟು ಬಿಗಿ ಇದೆ, ಫ್ಯಾನ್ ತಿರುಗ್ತಿದೆ. ಆಯಿಲಿಗೆ ನೀರು ಸೇರಿದ್ರೆ ಹಾಲು ಬೆರೆಸಿದ ಟೀ ಬಣ್ಣ ಬರುತ್ತೆ, ಅದೂ ಇಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ. ನೀರು ಹೋಗೋಕೆ ಇರೋದೇ ಇಷ್ಟು ದಾರಿ. ಮತ್ತೆ ಎಲ್ಲಿಗೆ ಹೋಗ್ತಿದೆ?

ಅವನದ್ದೊಂದು ಅಭ್ಯಾಸ ಇದೆ. ಉದ್ದನೆ ಸ್ಕ್ರೂಡ್ರೈವರ್ ತುದೀನ ಇಂಜಿನ್ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟು ಕೇಳೋದು. ಒಳಗಿನ ಸದ್ದೆಲ್ಲ ಅದರಲ್ಲೇ ಗೊತ್ತಾಗುತ್ತೆ ಅವನಿಗೆ. ವಾಟರ್ ಪಂಪ್ ಮೇಲಿಟ್ಟು ನೀರು ಹುಯ್ದ.

ಗುಟುಕ್... ಗುಟುಕ್... ಗುಟುಕ್...

ಪಂಪ್ ಹಾಗೆ ಸದ್ದು ಮಾಡಲ್ಲ. ಅದು ಗಂಟಲಿನ ಸದ್ದು. ಹುಯ್ಯೋದು ನಿಲ್ಲಿಸಿದ... ನಿಲ್ತು. ನಡುವೆ ಒಂದು ಉಸಿರು ಎಳ್ಕೊಂಡ ಹಾಗೆ. ಮತ್ತೆ ಹುಯ್ದ. ಗುಟುಕ್... ಗುಟುಕ್...

ಹಿಂದಿನ ಸೀಟಿಂದ ಪಿಸುದನಿ ಬಂತು.

"ಇನ್ನು ಬೇಡಪ್ಪ... ಹೊಟ್ಟೆ ಬಿರೀತಿದೆ..."

ಸಂಕಟದ ಬಡಬಡಿಕೆ ಅಂದ್ಕೊಂಡ ಪಾಪ. ಅವನಾದ್ರೂ ಏನು ಮಾಡಬೇಕಿತ್ತು ಹೇಳಿ? ನೀರು ಹಾಕ್ದೇ ಓಡಿಸಿದ್ರೆ ಇಂಜಿನ್ ಜಾಮ್ ಆಗುತ್ತೆ, ಇಲ್ಲೇ ನಿಂತ್ರೆ ಅಮ್ಮನ ಉಸಿರು ನಿಲ್ಲುತ್ತೆ. ಸೇದ್ತಾನೆ, ಹುಯ್ತಾನೆ, ಸೇದ್ತಾನೆ, ಹುಯ್ತಾನೆ. "ಇನ್ನೊಂದೇ ಬಕೆಟ್ ಅಮ್ಮ, ಹೊರಟ್ವಿ," ಅಂತ ಅಳ್ತಾ ಹೇಳ್ತಿದ್ನಂತೆ. ಕೊನೇ ಬಕೆಟ್ಟಿಗೆ ಸದ್ದು ನಿಂತೋಯ್ತು. ಸೂಜಿ ತಾನಾಗಿ ಕೆಳಗಿಳೀತು. ಕಾರು ಹೊಸದರ ಹಾಗೆ ಓಡ್ತು. ಹಿಂದಿನಿಂದ ಮಾತ್ರ ಒಂದು ಮಾತೂ ಬರ್ಲಿಲ್ಲ.

ಫೋನ್ ಬಂತು ಅಂತ ನಾನೂ ಆಸ್ಪತ್ರೆಗೆ ಓಡಿದ್ದೆ. ಡಾಕ್ಟರು ಕೆಂಡಾಮಂಡಲ ಆಗಿದ್ರು.

"ಇಷ್ಟೊಂದು ನೀರು ಯಾಕ್ರೀ ಕುಡಿಸಿದ್ರಿ? ಬೇಡ ಅಂತ ಹೇಳಿರ್ಲಿಲ್ವಾ?"

"ಒಂದು ಹನೀನೂ ಕೊಟ್ಟಿಲ್ಲ ಸಾರ್... ಕೇಳಿದ್ರೂ ಕೊಟ್ಟಿಲ್ಲ..."

"ಸುಳ್ಳು ಹೇಳ್ಬೇಡಿ. ಹೊಟ್ಟೆ ನೀರು ತುಂಬಿದ ಕೊಡದ ಹಾಗಾಗಿದೆ."

ಗ್ರೀಸಣ್ಣ ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋದ. ದಾರೀಲಿ ಆಗಿದ್ದನ್ನೆಲ್ಲ ಹೇಳ್ದ. ಬೆಳಕು ಹರಿಯೋಕೆ ಮುಂಚೆ ದೊಡ್ಡಮ್ಮ ಹೋಗ್ಬಿಟ್ರು. ನನ್ನನ್ನ ಎತ್ತಿ ಆಡಿಸಿದ ಜೀವ ಅದು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನರ್ಸಮ್ಮ ದೊಡ್ಡಮ್ಮನ ಬಾಯಿ ಒರೆಸಿದ ಹತ್ತೀನ ನನ್ನ ಕೈಗೆ ಕೊಟ್ಟು, ಆ ಬುಟ್ಟೀಲಿ ಹಾಕಿ ಅಂದ್ರು. ನೋಡಿದೆ. ತುಕ್ಕಿನ ಬಣ್ಣದ ನೀರು, ಮೇಲೆ ಎಣ್ಣೆ ಜಿಡ್ಡು. ಇದೇ ಕೈಯಲ್ಲಿ ಹಿಡಿದಿದ್ದೆ ಕಣ್ರೀ, ನಿಜವಾಗ್ಲೂ... ಇನ್ನೂ ಬಿಸಿ ಇತ್ತು.